ಗೋಡೆಯ ಎರಡೂ ಕಡೆಯ ಮಲ್ಲಿಗೆ

ಒಣಗಿದ ಮಲ್ಲಿಗೆ ಬಳ್ಳಿಯನ್ನು ಕತ್ತರಿಸಿದಾಗ ಹೂವಿನ ವಾಸನೆ ಬರುವುದಿಲ್ಲ. ಧೂಳು, ಮಣ್ಣು, ಒಳಗೆಲ್ಲೋ ಉಳಿದ ಹಸಿಯ ಒಗರು, ಅಷ್ಟೇ. ಶಿವರಾತ್ರಿ ಕಳೆದು ಒಂದು ವಾರಕ್ಕೆ, ಮುಧೋಳದಲ್ಲಿ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದಾಗ, ಯಾರದೋ ಗೇಟಿನ ಹೊರಗೆ ಅಂಥ ಬಳ್ಳಿಯ ರಾಶಿ ಬಿದ್ದಿತ್ತು. ದಿನವಿಡೀ ಶಾಲೆಯಲ್ಲಿ ನಿಂತು ಪಾಠ ಹೇಳಿ ಕಾಲು ಸೋತಿದ್ದವು. ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಬಸ್ಸು ಹೋಯಿತು, ಹೋಗಲಿ ಅನ್ನಿಸಿತು. ಈಗ ನಮ್ಮ ಆ ಹಿತ್ತಲೂ ಇಲ್ಲ, ಹಂದರವೂ ಇಲ್ಲ. ನಿಮಗೂ ಅಂಥದೊಂದು ಹಿತ್ತಲು ಇತ್ತೆಂದಾದರೆ, ಯಾಕೆ ನಿಂತೆ ಎಂದು ನೀವು ಕೇಳಲಾರಿರಿ.

ಬನಹಟ್ಟಿಯ ನಮ್ಮದು ನೇಕಾರರ ಮನೆ. ಅಪ್ಪ ಮತ್ತು ಕಾಕಾ ಅಕ್ಕಪಕ್ಕದ ಎರಡು ಕೈಮಗ್ಗಗಳಲ್ಲಿ ಸೀರೆ ನೇಯುತ್ತಿದ್ದರು. ಅವ್ವ ಮತ್ತು ಕಾಕಾನ ಹೆಂಡತಿ ಶಾಂತಾ ಚಿಗವ್ವ ನೂಲು ಸುತ್ತುತ್ತಿದ್ದರು. ಮನೆಯ ತುಂಬ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ. ಹಿತ್ತಲಲ್ಲಿ ಮಲ್ಲಿಗೆ ಹಂದರ. ಚಳಿಗಾಲ ಮುಗಿಯುವ ಹೊತ್ತಿಗೆ ಅದು ಎಲೆ ಉದುರಿ ಬೂದು ಬಣ್ಣದ ಗೋಜಲಾಗುತ್ತಿತ್ತು. ಶಿವರಾತ್ರಿಯ ಮರುವಾರ ಇಬ್ಬರೂ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದರು. ಚಿಗವ್ವ ಬಳ್ಳಿಯನ್ನು ಬಾಗಿಸಿ ಹಿಡಿಯುವುದು, ಅವ್ವ ಕತ್ತರಿಸುವುದು. ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ಅನುಮಾನ ಬಂದರೆ ಚಿಗವ್ವ ಉಗುರಿನಿಂದ ಸಿಪ್ಪೆ ಕೆರೆದು ನೋಡುತ್ತಿದ್ದಳು. ಒಳಗೆ ಹಸಿರು ಕಂಡರೆ, "ಉಸುರ ಐತ್ರಿ ಅಕ್ಕಾರ, ಬಿಡ್ರಿ" ಎನ್ನುತ್ತಿದ್ದಳು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಕಾಕಾ ಪವರ್‌ಲೂಮ್ ತರುತ್ತೇನೆಂದರು. ಅಪ್ಪ ಬೇಡವೆಂದರು. ಮಾತಿಗೆ ಮಾತು ಬೆಳೆದು ಮನೆ ಎರಡಾಯಿತು. ಹಿತ್ತಲಲ್ಲಿ ಎದೆಮಟ್ಟದ ಗೋಡೆ ಎದ್ದಿತು. ಬಳ್ಳಿಯ ಬುಡ ನಮ್ಮ ಕಡೆ ಉಳಿಯಿತು, ಹಂದರದ ಬಹುಪಾಲು ಅವರ ಕಡೆ. ಗಂಡಸರು ಮಾತು ಬಿಟ್ಟರು; ಹೆಂಗಸರೂ ಬಿಡಬೇಕಾಯಿತು. ನಳದ ಹತ್ತಿರ ಎದುರಾದರೆ ಚಿಗವ್ವ ಮುಖ ತಿರುಗಿಸಿಕೊಂಡು ಕೊಡ ಎತ್ತುತ್ತಿದ್ದಳು. ಅವಳ ಪಕ್ಕದಲ್ಲೇ ಮಲಗಿ ಬೆಳೆದ ನನಗೆ ಅದು ಅರ್ಥವಾಗುತ್ತಲೇ ಇರಲಿಲ್ಲ.

ಆ ವರ್ಷ ಶಿವರಾತ್ರಿ ಬಂದು ಹೋಯಿತು. ಬಳ್ಳಿಯನ್ನು ಯಾರೂ ಮುಟ್ಟಲಿಲ್ಲ. "ಬುಡಾ ನಮ್ಮ ಕಡೆ ಐತಿ, ಕಡದ ಒಗಿ ಅತ್ತ" ಎಂದರು ಅಪ್ಪ. ಒಂದು ಮಧ್ಯಾಹ್ನ ಅಪ್ಪ ಮಹಾಲಿಂಗಪುರಕ್ಕೆ ಹೋಗಿದ್ದಾಗ ಅವ್ವ ಕತ್ತರಿ ಹಿಡಿದು ಗೋಡೆಯ ಹತ್ತಿರ ಹೋಗಿ ನಿಂತಳು. ಆಚೆಗೆ ಕೂಗಿದಳು.

"ಶಾಂತಾ, ಬಳ್ಳಿ ಹಿಡಿ ಬಾರವಾ."

ಆಚೆ ಮಗ್ಗದ ಸದ್ದು ಮಾತ್ರ ಕೇಳುತ್ತಿತ್ತು. ಬರುವುದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಚಿಗವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಸಂಜೆಯವರೆಗೆ ಇಬ್ಬರೂ ಗೋಡೆಯ ಆಚೆ ಈಚೆ ನಿಂತು ಕತ್ತರಿಸಿದರು. ಇದು ಸತ್ತದ, ಇದು ಬದುಕೇದ, ಅಷ್ಟೇ ಮಾತು. ನನಗೆ ಮಾತ್ರ ಕುಣಿಯುವಷ್ಟು ಸಂತೋಷ. ಚಿಗವ್ವ ಒಳಗೆ ಹೋದ ಮೇಲೆ ಕೇಳಿದೆ: "ಯವ್ವಾ, ಇನ್ನ ಗ್ವಾಡಿ ಕೆಡವತಾರೇನ?"

"ಬಳ್ಳಿ ಮಾತು ಬಳ್ಳಿಗಷ್ಟ. ಸುಮ್ನ ಕಸಾ ಬಳಿ" ಎಂದಳು ಅವ್ವ.

ಮರುದಿನ ನಳದ ಹತ್ತಿರ ಚಿಗವ್ವ ಮತ್ತೆ ಮುಖ ತಿರುಗಿಸಿದಳು. ಮುಂದೆ ಪ್ರತಿ ವರ್ಷವೂ ಹೀಗೇ ನಡೆಯಿತು. ವರ್ಷಕ್ಕೆ ಒಂದೇ ಮಧ್ಯಾಹ್ನ. ನನ್ನ ಮದುವೆಗೆ ಅವರ ಮನೆಯಿಂದ ಯಾರೂ ಬರಲಿಲ್ಲ. ಆದರೆ ಆ ವರ್ಷವೂ ಚಿಗವ್ವ ಬಳ್ಳಿ ಹಿಡಿದಳು. ಇಬ್ಬರ ಕೂದಲೂ ನೆರೆತವು. ಒಬ್ಬಳಿಗೆ ಕೈ ಎತ್ತಲಾಗದು, ಇನ್ನೊಬ್ಬಳಿಗೆ ಕಣ್ಣು ಕಾಣದು. ಒಂದು ಮಧ್ಯಾಹ್ನದ ಕೆಲಸ ಎರಡಕ್ಕೆ ಬೆಳೆಯಿತು. ಅದನ್ನು ಬೇಗ ಮುಗಿಸಬೇಕೆಂಬ ಅವಸರ ಇಬ್ಬರಲ್ಲೂ ನಾನು ಕಾಣಲಿಲ್ಲ.

ಕೊನೆಯ ವರ್ಷ ನಾನು ತವರಿಗೆ ಬಂದಿದ್ದೆ. ಚಳಿಗಾಲದಲ್ಲೇ ಚಿಗವ್ವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಅವ್ವನಿಗೆ ಅದು ಗೊತ್ತಿತ್ತು. ನರಳುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಆದರೂ ಹೋಗಿರಲಿಲ್ಲ. ಶಿವರಾತ್ರಿಯ ಮರುವಾರ ಕತ್ತರಿ ಹಿಡಿದು ಗೋಡೆಯ ಹತ್ತಿರ ನಿಂತಳು. ಕೂಗಲು ಬಾಯಿ ತೆರೆದವಳು ಕೂಗಲಿಲ್ಲ. ಕತ್ತರಿಯನ್ನು ನನ್ನ ಕೈಗೆ ಕೊಟ್ಟು ಮುಂಬಾಗಿಲಿನಿಂದ ಓಣಿಗೆ ಇಳಿದಳು. ನಾನು ಹಿಂದೆಯೇ ಹೋದೆ.

ಚಿಗವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸದ್ದಿಗೆ ಹೊರಳಿ ನೋಡಿದಳು. ಮಾತು ತೊದಲುತ್ತಿತ್ತು.

"ಅಕ್ಕಾರ, ಬಳ್ಳಿ ಕಡದ್ರೇನ್ರಿ?"

"ಹಿಡ್ಯಾವ್ರ ಯಾರದಾರವಾ?"

ಚಿಗವ್ವ ಅವ್ವನನ್ನೇ ನೋಡುತ್ತ ಹೇಳಿದಳು: "ಬಾಗಲಾ ಒಂದ ದಿನಾನೂ ಹಾಕಿದ್ದಿಲ್ರಿ ನಾ. ಹಾದಿ ನೋಡಿ ಸಾಕಾತು."

ಅವ್ವ ಹಾಸಿಗೆಯ ಅಂಚಿನಲ್ಲಿ ಕುಳಿತು ಆ ಸತ್ತ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕತ್ತಲಾಗುವವರೆಗೂ ಏಳಲಿಲ್ಲ. ಅಂದಿನಿಂದ ದಿನಾಲೂ ಹೋದಳು. ಗಂಡಸರು ನೋಡಿದರು, ತಡೆಯಲಿಲ್ಲ. ತಡೆಯುವ ಶಕ್ತಿ ಅವರಲ್ಲೂ ಉಳಿದಿರಲಿಲ್ಲ.

ಯುಗಾದಿಗೆ ಎಂಟು ದಿನ ಇರುವಾಗ ಚಿಗವ್ವ ಹೋದಳು. ಮಣ್ಣು ಮಾಡಿ ಬಂದ ಮೇಲೆ ಅವ್ವ ಸ್ನಾನ ಮಾಡಿ ಹಿತ್ತಲ ಮೆಟ್ಟಿಲ ಮೇಲೆ ಕುಳಿತಳು. ಅತ್ತಿರಲಿಲ್ಲ. ಬಹಳ ದೂರದಿಂದ ನಡೆದು ಬಂದವಳಂತೆ ದಣಿದಿದ್ದಳು. ನಾನು ಹಿಂದೆ ನಿಂತು ಅವಳ ಒದ್ದೆ ಕೂದಲನ್ನು ಒರೆಸತೊಡಗಿದೆ.

"ಹಿರ್ಯಾಕಿ ನಾ," ಎಂದಳು. "ನಾನ ಮೊದಲ ಹೋಗಬೇಕಿತ್ತು."

ನಾನು ಒರೆಸುತ್ತಲೇ ಇದ್ದೆ. ಕೂದಲು ಯಾವಾಗಲೋ ಒಣಗಿತ್ತು.