ದ್ರೌಪದಮ್ಮನ ತಾಂಬೂಲದ ಚೀಲಗಳು

ಚಾಮರಾಜಪೇಟೆಯ ನಮ್ಮ ವಠಾರದ ದ್ರೌಪದಮ್ಮ ಮದುವೆಗಳಲ್ಲಿ ತಮಗೆ ಕೊಟ್ಟ ತಾಂಬೂಲದ ಚೀಲ ಒಂದನ್ನೂ ಎಸೆದವರಲ್ಲ. ತೆಂಗಿನಕಾಯಿ ಸಾರಿಗೆ ಹೋಗುತ್ತಿತ್ತು, ವಧೂವರರ ಹೆಸರು ಅಚ್ಚಾದ ಚೀಲ ಗೋಡೆ ಪಕ್ಕ ಸೇರುತ್ತಿತ್ತು. ನಲವತ್ತು ವರ್ಷದಲ್ಲಿ ಗೋಡೆಯೂ ಕಿಟಕಿಯೂ ಮುಚ್ಚಿಹೋಗಿ, ಅವರು ಮೈ ಓರೆ ಮಾಡಿಕೊಂಡೇ ಮಂಚ ಸೇರುತ್ತಿದ್ದರು. ಹೋದ ತಿಂಗಳು ಎಡವಿ ಬಿದ್ದ ಮೇಲೆ, ಮೊದಲು ನಡೆಯುವಷ್ಟು ದಾರಿ ಮಾಡೋಣವೆಂದು ಅವರ ತಂಗಿಯ ಮಗಳು ವಿನುತಾಳ ಜೊತೆ ನಾನೂ ಕೂತೆ. "ಕೇಳ್ದೆ ಒಂದೂ ಬಿಸಾಕ್ಬೇಡಿ" ಎಂದವರು ಒಂದೊಂದನ್ನೂ ಸವರಿ, "ಇವಳ ಮದುವೇಲಿ ಹೋಳಿಗೆ ಸಾಲ್ದೆ ಹೋಯ್ತು", "ಇವನಿಗೀಗ ಮೊಮ್ಮಗು" ಎಂದು ಹೇಳಿಯೇ ಬಿಟ್ಟುಕೊಡುತ್ತಿದ್ದರು. ತಳದಲ್ಲಿ ಬಿಚ್ಚದ ಕಟ್ಟೊಂದು ಸಿಕ್ಕಿತು. ಆ ಚೀಲಗಳ ಮೇಲೆ ಅವರದೇ ಹೆಸರು, ಪಕ್ಕದಲ್ಲಿ ನಾವು ಎಂದೂ ಕೇಳಿರದ ಗಂಡಿನ ಹೆಸರು. "ಇವು ಯಾರ ಮನೆಗೂ ಹೋಗ್ಲಿಲ್ಲ" ಎಂದರು. ಆಮೇಲೆ ದಾರ ಬಿಚ್ಚಿ, ಒಂದರಲ್ಲಿ ಕಾಯಿ ಹಾಕಿ, ಬಾಗಿಲವರೆಗೆ ನೇರವಾಗಿ ನಡೆದು ಬಂದು, ಹೊರಟಿದ್ದ ನನ್ನ ಕೈಗಿಟ್ಟು, ಮದುವೆಮನೆಯವರ ಹಾಗೆ ಕೇಳಿದರು: "ಊಟ ಆಯ್ತಾ?"