ಬುಟ್ಟಿ ದೀಪದ ದೊಡ್ಡಮ್ಮ

ದೊಡ್ಡಮ್ಮನ ಬಲಗೈ ಉಗುರುಗಳ ಸಂದಿಯಲ್ಲಿ ಸದಾ ಬಣ್ಣ ಸಿಕ್ಕಿಕೊಂಡಿರುತ್ತಿತ್ತು. ಒಂದು ವಾರ ಕೇಸರಿ, ಇನ್ನೊಂದು ವಾರ ಎಲೆಹಸಿರು, ಹಬ್ಬ ಹತ್ತಿರ ಬಂದರೆ ದಾಳಿಂಬೆ ಕೆಂಪು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳು ಬಡಿಸಲು ಬಂದರೆ ದೊಡ್ಡಪ್ಪ ಆ ಕೈಯನ್ನೇ ನೋಡುತ್ತಾ, "ಇವತ್ತು ಯಾವ ಬಣ್ಣದ ಹುಳಿ?" ಎಂದು ಕೇಳುತ್ತಿದ್ದರು. ಅವಳು ಇನ್ನೊಂದು ಸೌಟು ಸುರಿದು ಮುಂದೆ ಹೋಗುತ್ತಿದ್ದಳು.

ನಾನು ತಾಯಿಯಿಲ್ಲದ ಹುಡುಗಿ. ಅಮ್ಮ ತೀರಿಕೊಂಡ ಮೇಲೆ ಅವಳ ಅಕ್ಕ, ಅಂದರೆ ದೊಡ್ಡಮ್ಮ, ನನ್ನನ್ನು ತನ್ನ ಮನೆಗೆ ಕರೆತಂದಳು. ಅವಳಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತರು. ರಾಜಾಜಿನಗರ ಆಗತಾನೇ ಹುಟ್ಟುತ್ತಿದ್ದ ಐವತ್ತರ ದಶಕದಲ್ಲಿ ನಾವು ಅಲ್ಲಿಗೆ ಬಂದೆವು. ರಸ್ತೆಗಳಿಗೆ ಗುರುತು ಬಿದ್ದಿತ್ತು, ಮನೆಗಳು ಇನ್ನೂ ಹೆಚ್ಚು ಎದ್ದಿರಲಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ರಾಗಿ ಹೊಲ. ಸ್ವಲ್ಪ ಕಾಲದಲ್ಲೇ ಕರೆಂಟು ಬಂತು. ಎಲ್ಲರ ಮನೆಯ ಹಜಾರದ ನಡುವೆಯೂ ಒಂದೊಂದು ವೈರು ಇಳಿಯಿತು, ಅದರ ತುದಿಗೆ ಒಂದೊಂದು ಬೋಳು ಬಲ್ಬು. ಊರಿಗೆ ಊರೇ ಅದನ್ನು ಕಂಡು ಹಿಗ್ಗಿತು. ದೊಡ್ಡಮ್ಮ ಮಾತ್ರ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು, "ಇದೇನೇ ಇದು, ಪೊಲೀಸ್ ಸ್ಟೇಷನ್ ಥರ!" ಎಂದಳು.

ಮಾರನೆಯ ದಿನವೇ ಮಾಗಡಿ ರಸ್ತೆಯ ಕಡೆ ಹೋಗಿ ಬಿದಿರಿನ ಬುಟ್ಟಿಯೊಂದನ್ನು ತಂದಳು. ಅದರ ತಳದಲ್ಲಿ ತೂತು ಮಾಡಿ, ಒಳಗೆ ತನ್ನ ಹಳೆಯ ರೇಷ್ಮೆ ಸೀರೆಯ ತುಂಡನ್ನು ಹೊಲಿದು, ಬಲ್ಬಿನ ಮೇಲೆ ಬೋರಲು ಹಾಕಿದಳು. ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ ಬಂತು. ದೊಡ್ಡಪ್ಪ ಹೌಹಾರಿ, "ಮನೆ ಕಟ್ಟಿದ್ದು ಸುಡೋಕೇನೇ?" ಎಂದು ಕೂಗಾಡಿದರು. ಅವಳು ಕರಕಲು ಬುಟ್ಟಿಯನ್ನು ಒಲೆಗೆ ಹಾಕಿ ಮತ್ತೆ ಮಾಗಡಿ ರಸ್ತೆಗೆ ನಡೆದಳು. ಈ ಸಲ ದೊಡ್ಡ ಬುಟ್ಟಿ, ಚಿಕ್ಕ ಬಲ್ಬು. ರೇಷ್ಮೆಯ ಬದಲು ತಾನೇ ಬಣ್ಣ ಅದ್ದಿ ಒಣಗಿಸಿದ ತೆಳು ಮಲ್ಲು ಬಟ್ಟೆ. ಉರಿಯುವ ದೀಪದ ಪಕ್ಕ ಸ್ಟೂಲಿನ ಮೇಲೆ ನಿಂತು ಬಟ್ಟೆಗೆ ಅಂಗೈ ಹಚ್ಚಿಕೊಂಡು ಕಾಯುತ್ತಿದ್ದಳು. "ನನ್ನ ಕೈ ತಡ್ಕೊಂಡ್ರೆ ಬಟ್ಟೇನೂ ತಡ್ಕೊಳ್ಳುತ್ತೆ" ಎನ್ನುವುದು ಅವಳ ಲೆಕ್ಕ. ಹಿಡಿದ ಪಟ್ಟು ಬಿಡುವ ಜಾತಿಯೇ ಅಲ್ಲ ಅವಳು.

ಆ ಕೇಸರಿ ದೀಪ ಹತ್ತಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಸುಣ್ಣದ ಗೋಡೆಯ ತುಂಬ ಬಿದಿರಿನ ಹೆಣಿಗೆಯ ನೆರಳು ಹರಡಿತು. ಗೋಡೆಯ ಬಿರುಕು, ನೆಲದ ಕಲೆ, ನಮ್ಮ ಹಳೆಯ ಬೆಂಚು ಎಲ್ಲವೂ ಆ ಬೆಳಕಿನಲ್ಲಿ ತಣ್ಣಗೆ ಕೂತವು. ಅಮ್ಮ ಹೋದ ಮೇಲೆ ಸಂಜೆಯ ಹೊತ್ತು ನನಗೆ ಯಾವಾಗಲೂ ಅಳು ಬರುತ್ತಿತ್ತು. ಆ ಮನೆಯಲ್ಲಿ ಅದು ನಿಂತಿತು. ಆಮೇಲೆ ದೊಡ್ಡಪ್ಪ ಪತ್ರಿಕೆ ಓದುವ ಮೂಲೆಗೆ ಹಸಿರು ಅಂಚಿನ ಬುಟ್ಟಿ, ಅಡುಗೆಮನೆಯ ಬಾಗಿಲಿಗೆ ದಾಳಿಂಬೆ ಬಣ್ಣದ ಪುಟ್ಟದು. ಬೀದಿಯವರು, "ಏನ್ರೀ, ನಾಟಕದ ಕಂಪನಿ ಇಟ್ಟಿದ್ದೀರಾ?" ಎಂದು ಆಡಿಕೊಂಡರು. "ಹೂಂ, ಟಿಕೆಟ್ ಇಲ್ಲ, ಬನ್ನಿ" ಎಂದಳು ದೊಡ್ಡಮ್ಮ. ಬಂದವರು ಏಳುತ್ತಿರಲಿಲ್ಲ.

ನನಗೆ ಮದುವೆಯ ವಯಸ್ಸಾಯಿತು. ನೋಡಲು ಬಂದ ಮೊದಲನೆಯವರು ಉಪ್ಪಿಟ್ಟು, ಕಾಫಿ ಮುಗಿಸಿ, ಜಗಲಿಯಲ್ಲಿ ಚಪ್ಪಲಿ ಮೆಟ್ಟುವಾಗ ನಮಗೆ ಕೇಳುವಂತೆಯೇ ಹೇಳಿದರು: "ಹುಡುಗಿ ಲಕ್ಷಣವಾಗಿದಾಳೆ. ಬಣ್ಣ ಸ್ವಲ್ಪ ಕಮ್ಮಿ." ಮನೆ ತುಂಬ ಬಣ್ಣ ತುಂಬಿದ್ದ ಹೆಂಗಸಿಗೆ ಆ ಮಾತು ಎಲ್ಲಿ ನಾಟಿತೋ ನಾನರಿಯೆ. ಆ ದಿನ ಅವಳು ಊಟ ಮಾಡಲಿಲ್ಲ. ನಾನಂತೂ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟೆ.

ಎರಡನೆಯ ಸಂಬಂಧದವರು ಸಂಜೆ ಬರುವುದಾಗಿ ಹೇಳಿಕಳಿಸಿದರು. ಪಕ್ಕದ ಮನೆಯಾಕೆ ಓಡಿ ಬಂದರು. "ಒಳ್ಳೇದೇ ಆಯ್ತು ಕಣ್ರೀ. ಆ ಕೇಸರಿ ದೀಪದ ಕೆಳಗೆ ಕೂರಿಸಿ, ಚಿನ್ನದ ಗೊಂಬೆ ಥರ ಕಾಣ್ತಾಳೆ." ದೊಡ್ಡಪ್ಪನೂ ತಲೆಯಾಡಿಸಿದರು. ನಾನು ಎಲ್ಲಿ ಕೂರಬೇಕೆಂದು ಚಾಪೆಯ ಜಾಗವನ್ನೂ ಗುರುತು ಮಾಡಿಟ್ಟುಕೊಂಡಿದ್ದೆ.

ಆ ದಿನ ಮಧ್ಯಾಹ್ನ ದೊಡ್ಡಮ್ಮ ಸ್ಟೂಲು ಹತ್ತಿ ಬುಟ್ಟಿಗಳನ್ನೆಲ್ಲ ಇಳಿಸಿದಳು. ಹಜಾರಕ್ಕೆ ನೂರು ಕ್ಯಾಂಡಲ್ ಬಲ್ಬು ಹಾಕಿದಳು.

"ಇವತ್ತೊಂದಿನ ಇರ್ಲಿ ದೊಡ್ಡಮ್ಮ" ಎಂದು ಅವಳ ಸೆರಗು ಹಿಡಿದೆ.

"ಬೇಡ."

"ಯಾಕೆ? ನೀನೇ ಮಾಡಿದ್ದಲ್ವಾ?"

"ನಮಗೆ ಹಿತವಾಗಿರ್ಲಿ ಅಂತ ಮಾಡಿದ್ದು ಕಣೇ, ನಿನ್ನ ಬಚ್ಚಿಡೋಕಲ್ಲ. ನಾಳೆ ಅವರ ಮನೆ ಬಾವಿಕಟ್ಟೆ ಹತ್ರ ಬೆಳಗ್ಗೆ ನಿಂತ್ಕೋತೀಯಲ್ಲ, ಆಗ ಯಾವ ಬುಟ್ಟಿ ಹಾಕ್ತೀಯ?"

ನಾನು ಅತ್ತೆ, ರಂಪ ಮಾಡಿದೆ. ನಿನ್ನ ಹೊಟ್ಟೇಲಿ ಹುಟ್ಟಿದ್ದರೆ ಹೀಗೆ ಮಾಡ್ತಿದ್ಯಾ ಎಂದೂ ಅಂದೆ. ಅವಳ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ನನ್ನ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಗಟ್ಟಿಯಾಗಿ ಹೆಣೆದಳು. ಬಲ್ಬನ್ನು ಬದಲಿಸಲಿಲ್ಲ.

ಹುಡುಗ, ಅವನ ತಾಯಿ, ಚಿಕ್ಕಪ್ಪ ಬಂದರು. ಆ ಬಿಳಿ ಬೆಳಕಿನಲ್ಲಿ ನಾನು ತಲೆ ತಗ್ಗಿಸಿ ಕೂತೆ. ಮೈಯೆಲ್ಲ ಬೆವರು. ಹೆಸರು ಕೇಳಿದರು, ಓದು ಕೇಳಿದರು, ಹಾಡು ಹೇಳಿಸಿದರು. ಹುಡುಗನ ತಾಯಿ ನನ್ನನ್ನು ಬಹಳ ಹೊತ್ತು ನೋಡಿ, ಬಲ್ಬಿನ ಕಡೆ ಕೈ ತೋರಿಸಿ ಹೇಳಿದರು: "ಆ ದೀಪ ಸ್ವಲ್ಪ ದೊಡ್ಡದು ಮಾಡಿಮ್ಮ."

ದೊಡ್ಡಪ್ಪ ಪಾಪ, ಗಡಿಬಿಡಿಯಲ್ಲಿ ಒಳಗೆ ಹೋಗಿ ಲಾಟೀನು ಹಚ್ಚಿ ತಂದು, ಬತ್ತಿ ಏರಿಸಿ, ನನ್ನ ಮುಖದ ಹತ್ತಿರ ಹಿಡಿದೇಬಿಟ್ಟರು. ದೊಡ್ಡಮ್ಮ ಎದ್ದು ನಿಂತಳು.

"ಇದಕ್ಕಿಂತ ದೊಡ್ಡ ದೀಪ ನಮ್ಮನೇಲಿಲ್ಲ ತಾಯಿ. ಸಾಲದು ಅಂದ್ರೆ ನಾಳೆ ಬೆಳಗ್ಗೆ ಬನ್ನಿ. ಅಂಗಳದಲ್ಲಿ ಬಿಸಿಲಿಗೆ ಕೂರಿಸ್ತೀನಿ, ಕಣ್ತುಂಬ ನೋಡ್ಕೊಂಡು ಹೋಗಿ. ಅವಳ ಬಣ್ಣ ಆಗ್ಲೂ ಇದೇ."

ಹುಡುಗನ ತಾಯಿ ಕಕ್ಕಾಬಿಕ್ಕಿಯಾದರು. "ಅಯ್ಯೋ ರಾಮ! ಆರಿಸು ಅನ್ಬಾರ್ದು ಅಂತ ದೊಡ್ಡದು ಮಾಡಿ ಅಂದೆ ಕಣ್ರೀ. ನನ್ನ ಕಣ್ಣು ಉರೀತಿದೆ. ನೋಡೋದು ಆಯ್ತಲ್ಲ, ಇನ್ನೆಷ್ಟು ನೋಡ್ಲಿ?"

ದೀಪ ಆರಿಸು ಎನ್ನುವುದು ಅಶುಭವೆಂದು ನಮ್ಮ ಮನೆಯಲ್ಲೂ ದಿನವೂ ರಾತ್ರಿ 'ದೀಪ ದೊಡ್ಡದು ಮಾಡು' ಎಂದೇ ಹೇಳಿ ಮಲಗುತ್ತಿದ್ದೆವು. ನಾಲಗೆಯ ತುದಿಯಲ್ಲೇ ಇದ್ದ ಮಾತು. ಬಣ್ಣ ಕಮ್ಮಿ ಎನ್ನಿಸಿಕೊಂಡ ಮನೆಗೆ ಅದು ಬೇರೆಯೇ ಆಗಿ ಕೇಳಿಸಿತ್ತು. ಮೊದಲು ನಕ್ಕವರು ದೊಡ್ಡಪ್ಪ, ಲಾಟೀನು ಹಿಡಿದುಕೊಂಡೇ. ಆಮೇಲೆ ಎಲ್ಲರೂ. ನಗುತ್ತಾ ತಲೆಯೆತ್ತಿದಾಗ ನಾನೂ ಹುಡುಗನನ್ನು ಸರಿಯಾಗಿ ನೋಡಿದೆ. ಮುಖದ ತುಂಬ ಸಿಡುಬಿನ ಕಲೆ. ಅವನೂ ಅದೇ ಬೆಳಕಿನಲ್ಲಿ ಕೂತಿದ್ದ, ಮುಖ ತಿರುಗಿಸಿರಲಿಲ್ಲ.

ದೊಡ್ಡಮ್ಮ ಒಳಗಿನಿಂದ ಕೇಸರಿ ಬುಟ್ಟಿಯನ್ನು ತಂದು, ಬಲ್ಬು ಬದಲಿಸಿ ಹಾಕಿದಳು. ಬೀಗಿತ್ತಿ ಆಗಲಿದ್ದಾಕೆ ಅದರ ಕೆಳಗೆ ಕಾಲು ಚಾಚಿ ಕೂತು, ಬಟ್ಟೆಗೆ ಹಾಕಿದ ಬಣ್ಣ ಯಾವುದು, ಸುಡೋದಿಲ್ಲವೇ ಎಂದು ಕೇಳುತ್ತಾ ಇನ್ನೊಂದು ಲೋಟ ಕಾಫಿ ಕುಡಿದರು. ಹೊರಡುವ ಮುಂಚೆ ಒಪ್ಪಿಗೆ ಹೇಳಿಯೇ ಹೋದರು.

ಎಷ್ಟೋ ವರ್ಷಗಳ ಮೇಲೆ, ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾಗ, ಪಕ್ಕದಲ್ಲಿ ಕೂತು ಕೇಳಿದ್ದೆ. "ಆವತ್ತು ಅವರು ಬೇಡ ಅಂದಿದ್ರೆ ಏನ್ಮಾಡ್ತಿದ್ದೆ ದೊಡ್ಡಮ್ಮ?"

"ಏನಿದೆ? ಬುಟ್ಟಿ ಮತ್ತೆ ಹಾಕಿ, ನಾವು ಮೂರೂ ಜನ ಕೂತು ಊಟ ಮಾಡ್ತಿದ್ವಿ" ಎಂದಳು. ಮತ್ತೆ ಸೇರಿಸಿದಳು, "ನಿನ್ನ ಒಪ್ಪದೇ ಇರೋರ ಮನೇಲಿ ನಿನಗೇನು ಕೆಲಸ?" ಆ ತಿಂಗಳೇ ಹೋದಳು. ನಿನ್ನ ಹೊಟ್ಟೇಲಿ ಹುಟ್ಟಿದ್ದರೆ ಎಂದು ಆವತ್ತು ನಾನು ಆಡಿದ ಮಾತನ್ನು ಒಂದು ದಿನವೂ ಅವಳು ಎತ್ತಿ ಆಡಲಿಲ್ಲ.

ಮುಂದೆ ನನ್ನ ಮಗಳಿಗೆ ಗಂಡು ಹುಡುಕುವಾಗ ಫೋಟೋ ತೆಗೆಸಲು ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅವಳು ನನ್ನದೇ ಬಣ್ಣ. ಸ್ಟುಡಿಯೋದವನು ಕ್ಯಾಮೆರಾದ ಹಿಂದಿನಿಂದ ಮೆತ್ತಗೆ, "ಸ್ವಲ್ಪ ಬೆಳ್ಳಗೆ ಮಾಡಿ ಕೊಡ್ಲಾಮ್ಮ? ಎಲ್ಲಾರೂ ಮಾಡಿಸ್ತಾರೆ" ಎಂದ. ಮಗಳು ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಆಸೆಯಿತ್ತು. ಅದು ನನಗೆ ಗೊತ್ತಿರುವ ಆಸೆ.

"ಬೇಡಪ್ಪ" ಎಂದೆ. "ಇವಳು ಹೇಗಿದಾಳೋ ಹಾಗೇ ತೆಗಿ."