ಐನಾಪುರದ ಎಮ್ಮೆ ಮತ್ತು ನನ್ನ ಐಸ್ ಡಬ್ಬಿ

ಐಸ್ ಡಬ್ಬಿ ಹಿಡಿದುಕೊಂಡು ಐನಾಪುರದಲ್ಲಿ ಬಸ್ಸಿಗೆ ಕಾಯಬಾರದು. ದನಗಳಿಗೆ ಸೂಜಿ ಮಾಡಲು ಬಂದ ಡಾಕ್ಟರೆಂದೇ ಜನ ತಿಳಿಯುತ್ತಾರೆ. ನನ್ನ ಡಬ್ಬಿಯಲ್ಲಿದ್ದದ್ದು ಇನ್ನೂ ಪ್ರಯೋಗದಲ್ಲಿರುವ ಕ್ಯಾನ್ಸರ್ ಔಷಧ. ಐಸು ಕರಗುವುದರೊಳಗೆ ಅದನ್ನು ನಮ್ಮ ಲ್ಯಾಬಿಗೆ ಮುಟ್ಟಿಸಬೇಕಿತ್ತು.

"ಮುಂಜಾನಿಂದ ಎಮ್ಮಿ ಕಟ್ಟಿ ಹಾದಿ ನೋಡಾಕತ್ತೀವ್ರಿ ಡಾಕ್ಟರ!" ಎನ್ನುತ್ತ ಒಬ್ಬ ಹೆಣ್ಣುಮಗಳು ಡಬ್ಬಿಯನ್ನು ಕಸಿದುಕೊಂಡು ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ.

ಮನೆಯ ಕಟ್ಟೆಯ ಮೇಲೆ ಅವಳ ಅತ್ತೆ ಕುಳಿತಿದ್ದರು. "ಡಾಕ್ಟರಿಗೆ ಮೊದಲ ಚಾ ಮಾಡ ಬೇ," ಎಂದರು.

"ನಾ ದನದ ಡಾಕ್ಟರ್ ಅಲ್ರಿ ಅಕ್ಕಾರ," ಎಂದೆ. "ಕ್ಯಾನ್ಸರ್ ಗಡ್ಡಿಯೊಳಗ ಕೆಲವು ಜೀವಕೋಶ ಮುದಿ ಆಗಿರ್ತಾವ. ಬೆಳಿಯಂಗಿಲ್ಲ, ಸಾಯಂಗಿಲ್ಲ. ಕುಂತಲ್ಲೇ ಕುಂತು ಆಜೂಬಾಜೂದವನ್ನ ಕೆಡಸ್ತಾವ. ಈ ಔಷಧ ಅಂಥವನ್ನ ಹುಡಿಕಿ ಸಾಯಸ್ತೈತಿ."

"ಕುಂತಲ್ಲೇ ಕುಂತು?" ಸೊಸೆ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ಮುಖ ಅರಳಿತ್ತು. "ಮನಷ್ಯಾರಿಗೆ ಕೊಡಾಕ ಬರತೈತೇನ್ರಿ?"

"ಇನ್ನೂ ಇಲ್ರಿ. ಲ್ಯಾಬಿನ್ಯಾಗ ಅಷ್ಟ ನೋಡಾಕತ್ತೀವಿ."

"ಚಾ ಬ್ಯಾಡ," ಎಂದರು ಅತ್ತೆ. "ಸಾಹೇಬರ ಬಸ್ ತಪ್ಪತೈತಿ. ಆ ಡಬ್ಬಿ ಕೊಟ್ಟು ಕಳಸ ಮೊದಲ."

ಸೊಸೆಯ ಮೇಲೆ ನಂಬಿಕೆ ಸಾಲಲಿಲ್ಲವೋ ಏನೋ, ಕೋಲೂರಿಕೊಂಡು ತಾವೇ ಸ್ಟ್ಯಾಂಡಿನವರೆಗೆ ಬಂದರು. ನಾನೂ ಡಬ್ಬಿಯೂ ಬಸ್ಸು ಹತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮನೆಗೆ ತಿರುಗಿದರು.

ಇಷ್ಟು ವರ್ಷ ಇಂಥ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡೇ ಓಡಾಡಿದ್ದೇನೆ. ಅವತ್ತು ಮಾತ್ರ ಮೆಲ್ಲಗೆ ಪಕ್ಕದ ಸೀಟಿಗಿಟ್ಟೆ. ಮುಂದಿನ ತಿಂಗಳು ನನ್ನ ನಿವೃತ್ತಿ; ಆಮೇಲೆ ನಾನೂ ಮನೆಯಲ್ಲಿ ಕುಂತಲ್ಲೇ ಕುಂತಿರುವವನೇ.